ಮನೆಯ ಹಿರಿಯರು ಬೀಳದಂತೆ ನೋಡಿಕೊಳ್ಳುವುದು ಹೇಗೆ?



ಕುಟುಂಬ ಕಲ್ಯಾಣವೆಂದರೆ ಗರ್ಭಿಣಿಯ ಆರೈಕೆ, ಮಗುವಿನ ಚುಚ್ಚುಮದ್ದು, ಹೆರಿಗೆಗಳ ನಡುವಣ ಅಂತರ ಇವಿಷ್ಟೇ ಎಂದು ಅನೇಕರು ತಿಳಿದಿರುತ್ತಾರೆ. ಆದರೆ ಕುಟುಂಬವೆಂಬುದು ತೊಟ್ಟಿಲಿನಿಂದ ಆರಂಭವಾಗಿ ಊರುಗೋಲಿನವರೆಗೂ ಹಬ್ಬಿರುವ ಸಂಬಂಧ. ನಿಮ್ಮ ಮಕ್ಕಳನ್ನು ಎತ್ತಿ ಆಡಿಸಿದ ಅಜ್ಜ, ಅಜ್ಜಿಯರ ಕ್ಷೇಮವೂ ಈ ಕಲ್ಯಾಣದ ಒಂದು ಭಾಗವೇ ಆಗಿದೆ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಸಂಸಾರಗಳು ಚಿಕ್ಕವಾಗಿವೆ, ಆಯುಷ್ಯ ಹೆಚ್ಚಿದೆ. ಹಿಂದೆ ಹತ್ತು ಕೈಗಳು ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಇಂದು ಗಂಡ, ಹೆಂಡತಿ ಇಬ್ಬರೇ ನೋಡಿಕೊಳ್ಳಬೇಕಾಗಿದೆ. ಆದುದರಿಂದ ಹಿರಿಯರನ್ನು ಬೀಳದಂತೆ ಕಾಪಾಡುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ಒಂದು ಮನೆಯ ಚಿತ್ರ

ಕುಂದಾಪುರ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಆಷಾಢ ಮಾಸದ ಒಂದು ಬೆಳಗು. ರಾತ್ರಿಯಿಡೀ ಸುರಿದ ಮಳೆ ಆಗತಾನೆ ನಿಂತಿದೆ. ಎಪ್ಪತ್ತು ದಾಟಿದ ಅತ್ತೆ ದೇವರ ಹೂ ಕೊಯ್ಯಲೆಂದು ಅಂಗಳಕ್ಕೆ ಇಳಿಯುತ್ತಾರೆ. ಕೆಂಪುಕಲ್ಲಿನ ಮೆಟ್ಟಿಲ ಮೇಲೆ ಪಾಚಿ ಕಟ್ಟಿದೆ. ಕಾಲು ಜಾರಿ ಕುಳಿತಂತೆ ಬೀಳುತ್ತಾರೆ. ಸೊಸೆ ಓಡಿಬರುವಷ್ಟರಲ್ಲಿ ತಾವೇ ಎದ್ದು, ಸೀರೆಯ ಕೆಸರನ್ನು ಒರೆಸಿಕೊಳ್ಳುತ್ತ, “ಎಂತ ಇಲ್ಲೆ ಮಗಾ, ಕಾಲ್ ಜಾರ್ತ್ ಅಷ್ಟೆ” ಎನ್ನುತ್ತಾರೆ. ಸೊಸೆಯ ಎದೆ ಮಾತ್ರ ಝಲ್ಲೆಂದಿರುತ್ತದೆ. “ನಾಳಿಂದ ಅಂಗಳಕ್ಕೆ ಇಳೂದ್ ಬ್ಯಾಡ. ಸುಮ್ನೆ ಕೂಕಣಿ ಅತ್ತೆ” ಎಂದು ಅಕ್ಕರೆಯಿಂದಲೇ ಹೇಳುತ್ತಾಳೆ. ಮಗನೂ ಅದನ್ನೇ ಅನುಮೋದಿಸುತ್ತಾನೆ.

ಅಂದಿನಿಂದ ಅತ್ತೆ ಜಗಲಿಯಲ್ಲಿ ಕುಳಿತರು. ಹೂ ಕೊಯ್ಯುವುದು ನಿಂತಿತು. ಕೊಟ್ಟಿಗೆಗೆ ಹೋಗಿ ದನಕ್ಕೆ ಹುಲ್ಲು ಹಾಕುವುದು ನಿಂತಿತು. ನೆರೆಮನೆಗೆ ಹೋಗಿ ಬರುವುದೂ ನಿಂತಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ ತೊಡೆಗಳು ಸೊರಗಿದವು, ನಡಿಗೆ ತಡವರಿಸಿತು. ಒಂದು ರಾತ್ರಿ ಮೂತ್ರಕ್ಕೆಂದು ಎದ್ದವರು ಬಚ್ಚಲಿನ ಹೊಸ್ತಿಲನ್ನು ಎಡವಿ ಬಿದ್ದರು. ಈ ಬಾರಿ ಏಳಲಾಗಲಿಲ್ಲ. ಸೊಂಟದ ಬಳಿ ತೊಡೆಯ ಮೂಳೆ ಮುರಿದಿದ್ದಿತು.

ಇಲ್ಲಿ ಯಾರದು ತಪ್ಪು? ಸೊಸೆಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ತೆಗೆಯಬೇಕಾಗಿದ್ದುದು ಮೆಟ್ಟಿಲ ಮೇಲಿನ ಪಾಚಿಯನ್ನು. ತೆಗೆದುದು ಅತ್ತೆಯ ನಡಿಗೆಯನ್ನು. ಈ ಪಾಠದ ಸಾರವೆಲ್ಲ ಇಷ್ಟೇ: ಹಿರಿಯರನ್ನು ಕುಳ್ಳಿರಿಸಬೇಡಿರಿ, ಅವರು ನಡೆಯುವ ದಾರಿಯನ್ನು ಸರಿಪಡಿಸಿರಿ.

ಬೀಳುವುದು ಹಣೆಬರಹವಲ್ಲ

“ವಯಸ್ಸಾಯಿತು, ಬೀಳುವುದು ಸಹಜ” ಎಂಬ ಮಾತು ಊರೂರಿನಲ್ಲಿಯೂ ಕೇಳಿಬರುತ್ತದೆ. ಇದು ಅರ್ಧ ಸತ್ಯ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ವರದಿಯಂತೆ 65 ವರ್ಷ ಮೀರಿದವರಲ್ಲಿ ವರ್ಷಕ್ಕೆ 100ಕ್ಕೆ 28ರಿಂದ 35 ಮಂದಿ ಒಮ್ಮೆಯಾದರೂ ಬೀಳುತ್ತಾರೆ. ಅದೇ ಸಂಸ್ಥೆಯ 2021ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನರು ಬಿದ್ದ ಕಾರಣದಿಂದ ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ ಸಲ್ಲುತ್ತದೆ. ಹೀಗೆ ಸಾಯುವವರಲ್ಲಿ 60 ವರ್ಷ ಮೀರಿದವರೇ ಹೆಚ್ಚು.

ಇನ್ನರ್ಧ ಸತ್ಯವೇನೆಂದರೆ, ಪ್ರತಿಯೊಂದು ಬೀಳುವಿಕೆಗೂ ಕಾರಣಗಳಿರುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವನ್ನು ತೊಲಗಿಸಬಹುದು. ಕಾರಣಗಳು ಎರಡು ಬಗೆಯವು. ಕೆಲವು ದೇಹದ ಒಳಗಿನವು: ಮಂಜಾದ ಕಣ್ಣು, ಸೊರಗಿದ ತೊಡೆ, ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದ, ಎದ್ದ ಕೂಡಲೇ ಇಳಿಯುವ ರಕ್ತದೊತ್ತಡ, ರಕ್ತಹೀನತೆ, ಕೆಲವು ಮಾತ್ರೆಗಳಿಂದ ಬರುವ ತೂಕಡಿಕೆ. ಇನ್ನು ಕೆಲವು ಹೊರಗಿನವು: ಜಾರುವ ನೆಲ, ಕತ್ತಲೆ, ಎತ್ತರದ ಹೊಸ್ತಿಲು, ಸವೆದ ಚಪ್ಪಲಿ. ಸಾಮಾನ್ಯವಾಗಿ ಇವೆರಡೂ ಒಂದುಗೂಡಿದಾಗ ಮನುಷ್ಯ ಬೀಳುತ್ತಾನೆ. ಆದುದರಿಂದ ಒಂದನ್ನು ಸರಿಪಡಿಸಿದರೂ ಅಪಾಯ ಕಡಿಮೆಯಾಗುತ್ತದೆ.

ಮುಪ್ಪಿನಲ್ಲಿ ಮೂಳೆಗಳು ಒಳಗಿಂದೊಳಗೆ ಟೊಳ್ಳಾಗುತ್ತವೆ. ಮುಟ್ಟು ನಿಂತ ಬಳಿಕ ಹೆಂಗಸರಲ್ಲಿ ಇದು ಬೇಗ ನಡೆಯುತ್ತದೆ. ಆದುದರಿಂದಲೇ ಯುವಕನಿಗೆ ತರಚುಗಾಯವನ್ನಷ್ಟೇ ಮಾಡುವ ಪೆಟ್ಟು ಅಜ್ಜಿಯ ಸೊಂಟವನ್ನು ಮುರಿಯಬಲ್ಲದು. ಹಾಸಿಗೆ ಹಿಡಿದವರಿಗೆ ಬೆನ್ನಹುಣ್ಣು, ಶ್ವಾಸಕೋಶದ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಮುಂತಾದ ತೊಂದರೆಗಳು ಒಂದರ ಹಿಂದೊಂದು ಬರುತ್ತವೆ. ಮನೆಯ ಒಬ್ಬರು ದುಡಿಮೆ ಬಿಟ್ಟು ಹಾಸಿಗೆಯ ಬಳಿ ಕುಳಿತುಕೊಳ್ಳಬೇಕಾಗುತ್ತದೆ. ಒಂದು ಜಾರುವಿಕೆಯು ಇಡೀ ಸಂಸಾರವನ್ನೇ ಅಲುಗಿಸುತ್ತದೆ.

ಅಪಾಯವಿದೆಯೇ ಎಂದು ತಿಳಿಯುವ ಬಗೆ

ಹಿರಿಯರಲ್ಲಿ ಅನೇಕರು ಬಿದ್ದುದನ್ನು ಹೇಳುವುದಿಲ್ಲ. ಹೇಳಿದರೆ ಮಕ್ಕಳು ಹೊರಗೆ ಬಿಡಲಾರರು ಎಂಬ ಅಂಜಿಕೆ ಅವರಿಗೆ ಇರುತ್ತದೆ. ಆದುದರಿಂದ ಗದರದೆ, ಊಟದ ವೇಳೆಯಲ್ಲೋ ಸಂಜೆಯ ಬಿಡುವಿನಲ್ಲೋ ಈ ಮೂರು ಪ್ರಶ್ನೆಗಳನ್ನು ಮೆಲ್ಲಗೆ ಕೇಳಿರಿ.

1. ಕಳೆದ ಒಂದು ವರ್ಷದಲ್ಲಿ ಎಲ್ಲಿಯಾದರೂ ಬಿದ್ದಿರುವಿರಾ?
2. ನಿಂತಾಗ ಅಥವಾ ನಡೆಯುವಾಗ ಓಲಾಡಿದಂತೆ ಆಗುತ್ತದೆಯೇ?
3. ಬಿದ್ದೇನೆಂಬ ಭಯವಿದೆಯೇ?

ಒಂದಕ್ಕಾದರೂ “ಹೌದು” ಎಂಬ ಉತ್ತರ ಬಂದಲ್ಲಿ ಜಾಗರೂಕರಾಗಬೇಕು. ಅನಂತರ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಗಟ್ಟಿಯಾದ ಒಂದು ಕುರ್ಚಿಯನ್ನು ಇಟ್ಟು, ಅಲ್ಲಿಂದ 10 ಅಡಿ ದೂರದಲ್ಲಿ ಒಂದು ಗೆರೆ ಎಳೆಯಿರಿ. ಹಿರಿಯರು ಕುರ್ಚಿಯಿಂದ ಎದ್ದು, ತಮ್ಮ ಎಂದಿನ ನಡಿಗೆಯಲ್ಲಿ ಗೆರೆಯವರೆಗೆ ಹೋಗಿ, ತಿರುಗಿ ಬಂದು ಕುಳಿತುಕೊಳ್ಳಲಿ. ಊರುಗೋಲು ಬಳಸುವವರು ಅದನ್ನು ಹಿಡಿದೇ ನಡೆಯಲಿ. ಒಬ್ಬರು ಪಕ್ಕದಲ್ಲಿ ನಿಂತಿರಬೇಕು. ಇನ್ನೊಬ್ಬರು ಗಡಿಯಾರ ನೋಡಬೇಕು. 12 ಸೆಕೆಂಡಿಗೆ ಮೀರಿ ಹೊತ್ತು ಹಿಡಿದರೆ, ಅಥವಾ ಕೈಯೂರದೆ ಏಳಲು ಆಗದಿದ್ದರೆ, ಅವರು ಬೀಳುವ ಸಂಭವ ಹೆಚ್ಚೆಂದು ತಿಳಿದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯತಕ್ಕದ್ದು.

ಮನೆಯ ಹೊರಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳು ಕಡಲಿಗೂ ಘಟ್ಟಕ್ಕೂ ನಡುವೆ ಇರುವ ನಾಡು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಅಂಗಳ, ಮೆಟ್ಟಿಲು, ಬಾವಿಕಟ್ಟೆ, ಕೊಟ್ಟಿಗೆಯ ದಾರಿ ಎಲ್ಲವೂ ಪಾಚಿಗಟ್ಟಿ ಜಾರುತ್ತವೆ. ಆದುದರಿಂದ ಇಲ್ಲಿನ ಮನೆಗಳಿಗೆ ಮಳೆಗಾಲದ ಸಿದ್ಧತೆಯೆಂದರೆ ಕಟ್ಟಿಗೆ ಒಟ್ಟುವುದು, ಹೆಂಚು ಸರಿಮಾಡುವುದು ಮಾತ್ರವಲ್ಲ. ಹಿರಿಯರ ದಾರಿಯನ್ನು ಸಿದ್ಧಗೊಳಿಸುವುದೂ ಆಗಿದೆ.

ಮೇ ತಿಂಗಳಲ್ಲಿಯೇ ಹಿರಿಯರು ದಿನವೂ ನಡೆಯುವ ದಾರಿಯನ್ನು ನೀವೂ ಒಮ್ಮೆ ಅವರೊಡನೆ ನಡೆದು ನೋಡಿರಿ. ಜಗಲಿಯಿಂದ ತುಳಸಿಕಟ್ಟೆಗೆ, ಬಾವಿಗೆ, ಕೊಟ್ಟಿಗೆಗೆ, ಶೌಚಾಲಯಕ್ಕೆ ಹೋಗುವ ದಾರಿಗಳನ್ನು ಗುರುತಿಸಿರಿ. ಮಳೆ ಬಿಡುವು ಕೊಟ್ಟಾಗಲೆಲ್ಲ ಆ ದಾರಿಯ ಪಾಚಿಯನ್ನು ಕೆರೆದು ತೆಗೆಯತಕ್ಕದ್ದು. ಬ್ಲೀಚಿಂಗ್ ಪುಡಿಯನ್ನು ಚಿಮುಕಿಸಿ, ಕಾಲು ಗಂಟೆ ಬಿಟ್ಟು, ಗಟ್ಟಿ ಪೊರಕೆಯಿಂದ ಉಜ್ಜಿ ತೊಳೆದರೆ ಪಾಚಿ ಬಿಡುತ್ತದೆ. ಆದರೆ ಬ್ಲೀಚಿಂಗ್ ಪುಡಿಯೊಡನೆ ಆಸಿಡ್ಡನ್ನಾಗಲಿ, ಇತರ ಶೌಚಾಲಯ ತೊಳೆಯುವ ದ್ರವಗಳನ್ನಾಗಲಿ ಎಂದಿಗೂ ಬೆರೆಸಕೂಡದು, ವಿಷಾನಿಲ ಹೊರಡುತ್ತದೆ. ಬ್ಲೀಚಿಂಗ್ ನೀರು ಬಾವಿಯೊಳಗೆ ಹರಿಯದಂತೆಯೂ ನೋಡಿಕೊಳ್ಳಬೇಕು.

ಅಂಗಳದಲ್ಲಿ ನಡೆಯುವ ಪಟ್ಟಿಗೆ ಅಡಿಕೆಯ ಸೋಗೆಯನ್ನೋ ತೆಂಗಿನ ಮಡಲನ್ನೋ ಹಾಸುವ ವಾಡಿಕೆ ನಮ್ಮ ಹಳಬರಲ್ಲಿ ಇತ್ತು. ಇದು ಒಳ್ಳೆಯ ಪದ್ಧತಿ. ಆದರೆ ಕೊಳೆತ ಸೋಗೆ ತಾನೇ ಜಾರುತ್ತದಾದ್ದರಿಂದ ಆಗಾಗ ಹೊಸದನ್ನು ಹಾಸಬೇಕು. ಮೆಟ್ಟಿಲುಗಳ ಪಕ್ಕದಲ್ಲಿ ಅಡಿಕೆ ಮರದ ದಬ್ಬೆಯನ್ನೋ ಬಿದಿರನ್ನೋ ಗಟ್ಟಿಯಾಗಿ ಕಟ್ಟಿದರೆ ಹಿಡಿದು ಇಳಿಯಲು ಆಸರೆಯಾಗುತ್ತದೆ. ಇದಕ್ಕೆ ತಗಲುವ ವೆಚ್ಚ ಅತಿ ಸ್ವಲ್ಪ; ಅರ್ಧ ದಿನದ ಕೆಲಸ ಮಾತ್ರ.

ತೋಡು ದಾಟುವ ಕಾಲುಸಂಕಗಳ ಮೇಲೆ ಮಳೆಗಾಲದಲ್ಲಿ ಹಿರಿಯರನ್ನು ಒಬ್ಬರನ್ನೇ ಕಳುಹಿಸಕೂಡದು. ಸಂಕಕ್ಕೆ ಕೈಹಿಡಿ ಇಲ್ಲವಾದಲ್ಲಿ ನೆರೆಯವರೆಲ್ಲ ಕೂಡಿ ಕಟ್ಟಿಕೊಳ್ಳಿರಿ. ಗಟ್ಟಿ ಸಂಕಕ್ಕಾಗಿ ಗ್ರಾಮಸಭೆಯಲ್ಲಿ ಕೇಳಿರಿ. ನೀರು ತುಂಬಿದ ಗದ್ದೆಯ ಅಂಚಿನಲ್ಲಿ ನಡೆಯುವ ಬದಲು ಸುತ್ತಾದರೂ ರಸ್ತೆಯಲ್ಲಿ ಬರುವುದು ಲೇಸು. ಮಾವು, ನುಗ್ಗೆ ಮುಂತಾದವನ್ನು ಕೊಯ್ಯಲು ಏಣಿ ಹತ್ತುವ ಕೆಲಸವನ್ನು ಮಗನೋ ಮೊಮ್ಮಗನೋ ವಹಿಸಿಕೊಳ್ಳಬೇಕು. ದನವನ್ನು ಹಗ್ಗ ಹಿಡಿದು ಎಳೆಯುವ ಕೆಲಸವೂ ಹಿರಿಯರಿಗೆ ತಕ್ಕದ್ದಲ್ಲ.

ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತ ಅಜ್ಜಿಯ ಕೈಯಲ್ಲಿ ಬಿಡಿಸಿದ ಕೊಡೆ ಇರುವ ನೋಟ ನಮ್ಮ ರಸ್ತೆಗಳಲ್ಲಿ ಅಪರೂಪವಲ್ಲ. ಗಾಳಿ ಕೊಡೆಯನ್ನು ಎಳೆದರೆ ಕೊಡೆಯೊಡನೆ ಅಜ್ಜಿಯೂ ಬೀಳುತ್ತಾರೆ. ಓಡುವ ವಾಹನದಲ್ಲಿ ಕೊಡೆ ಬಿಡಿಸಲೇಕೂಡದು. ಬಸ್ಸಿನಲ್ಲಿ ಹಿರಿಯರು ಕುಳಿತ ಮೇಲೆಯೇ ಬಸ್ಸನ್ನು ಬಿಡುವಂತೆ ನಿರ್ವಾಹಕರಿಗೆ ಸಂಕೋಚವಿಲ್ಲದೆ ಹೇಳಿರಿ.

ಮನೆಯ ಒಳಗೆ

ಬೀಳುವುದೆಲ್ಲ ಹೊರಗೇ ನಡೆಯುತ್ತದೆಂದು ತಿಳಿಯಬಾರದು. ಮನೆಯೊಳಗೂ, ಅದರಲ್ಲಿಯೂ ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ರಾತ್ರಿಯ ವೇಳೆ ಅನೇಕರು ಬೀಳುತ್ತಾರೆ.

ಬೆಳಕು: ಮಲಗುವ ಸ್ಥಳದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ. ಗಾಳಿಮಳೆಗೆ ವಿದ್ಯುತ್ತು ಹೋಗುವುದುಂಟು. ಆದುದರಿಂದ ಟಾರ್ಚನ್ನು ದಿಂಬಿನ ಪಕ್ಕದಲ್ಲಿ, ಕೈಗೆ ಸಿಗುವಂತೆ, ನಿಶ್ಚಿತ ಸ್ಥಳದಲ್ಲಿ ಇಡತಕ್ಕದ್ದು. ಪದೇಪದೇ ಏಳಬೇಕಾದವರಿಗೆ ಹಾಸಿಗೆಯ ಬಳಿಯೇ ಮೂತ್ರದ ಪಾತ್ರೆ ಇರಿಸುವುದು ಅವಮಾನವಲ್ಲ, ಜಾಣತನ.

ಹೊಸ್ತಿಲು: ಸೋಣೆ ತಿಂಗಳಲ್ಲಿ ಹೊಸ್ತಿಲನ್ನು ಪೂಜಿಸುವ ನಾಡು ನಮ್ಮದು. ಅದನ್ನು ಕಿತ್ತುಹಾಕಿರೆಂದು ಯಾರೂ ಹೇಳುವುದಿಲ್ಲ. ಆದರೆ ಮಂಜುಗಣ್ಣಿಗೆ ಕಪ್ಪು ಮರದ ಹೊಸ್ತಿಲೂ ಕೆಂಪು ನೆಲವೂ ಬೇರೆಯಾಗಿ ಕಾಣಿಸುವುದಿಲ್ಲ. ಹಬ್ಬಕ್ಕೆ ಶೇಡಿ ಬರೆಯುವಂತೆ, ಹಿರಿಯರು ದಾಟುವ ಹೊಸ್ತಿಲು ಮತ್ತು ಮೆಟ್ಟಿಲುಗಳ ಅಂಚಿಗೆ ಬಿಳಿಯ ಬಣ್ಣದ ಒಂದು ಗೆರೆಯನ್ನು ಎಳೆಯಿರಿ. ಆ ಒಂದು ಗೆರೆ ಕಾಲಿಗೆ ಕಣ್ಣು ಕೊಡುತ್ತದೆ.

ಬಚ್ಚಲು: ಸೋಪಿನ ನೀರು ನಿಂತಿರದಂತೆ ಇಳಿಜಾರು ಇರಬೇಕು. ಹಿರಿಯರು ಅಗಲ ಕಾಲುಗಳ ಗಟ್ಟಿ ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡಲಿ. ಹಂಡೆಯಿಂದ ಬಿಸಿನೀರನ್ನು ಬಗ್ಗಿ ಎತ್ತುವ ಕೆಲಸವನ್ನು ಮತ್ತೊಬ್ಬರು ಮಾಡಿಕೊಡಲಿ. ಗೋಡೆಗೆ ಕಬ್ಬಿಣದ ಹಿಡಿಯೊಂದನ್ನು ಗಟ್ಟಿಯಾಗಿ ಕೂರಿಸಿರಿ. ಬಟ್ಟೆ ತೂಗುಹಾಕುವ ಕೊಕ್ಕೆ ಮನುಷ್ಯನ ಭಾರವನ್ನು ತಾಳಲಾರದು. ಶೌಚಾಲಯದ ಪಕ್ಕದಲ್ಲಿಯೂ ಇಂತಹ ಹಿಡಿ ಇರಲಿ. ಕುಕ್ಕರಗಾಲಿನಲ್ಲಿ ಕುಳಿತು ಏಳಲಾಗದವರಿಗೆ ಕಮೋಡಿನ ಕುರ್ಚಿ ಅನುಕೂಲವಾಗಿದೆ. ಬಾಗಿಲಿನ ಅಗಳಿಯನ್ನು ಒಳಗಿನಿಂದ ಹಾಕದಿರುವಂತೆ ತಿಳಿಹೇಳಿರಿ.

ನೆಲ ಮತ್ತು ಉಡುಪು: ನುಣುಪಾದ ಕೆಂಪು ನೆಲ, ಟೈಲ್ಸ್ ನೆಲ ಒದ್ದೆಯಾದೊಡನೆ ಒರೆಸತಕ್ಕದ್ದು. ಬಾಗಿಲ ಬಳಿ ಮಡಚಿಕೊಳ್ಳುವ ಹಳೆಯ ಗೋಣಿಯನ್ನು ಹಾಕುವ ಬದಲು ಅಲುಗಾಡದ ನಾರಿನ ಚಾಪೆಯನ್ನು ಹಾಕಿರಿ. ಮಕ್ಕಳ ಆಟಿಕೆ, ವಿದ್ಯುತ್ತಿನ ತಂತಿ, ಚೆಂಬು, ಮಣೆ ಇವು ನಡೆದಾಡುವ ದಾರಿಯಲ್ಲಿ ಬಿದ್ದಿರಬಾರದು. ಸೀರೆ, ಪಂಚೆ, ಲುಂಗಿಗಳು ಹಿಮ್ಮಡಿಗಿಂತ ಕೆಳಗೆ ಇಳಿಯದಂತೆ ಉಡಬೇಕು. ಅಡಿ ಸವೆದು ನುಣುಪಾದ ಹವಾಯಿ ಚಪ್ಪಲಿಯನ್ನು ಎಸೆದು, ಹಿಂಬದಿಯಲ್ಲಿ ಪಟ್ಟಿ ಇರುವ, ಅಡಿಯಲ್ಲಿ ಗೀರುಗಳಿರುವ ಚಪ್ಪಲಿಯನ್ನು ಕೊಡಿಸಿರಿ. ದಿನವೂ ಬೇಕಾಗುವ ಪಾತ್ರೆ, ಡಬ್ಬಿಗಳನ್ನು ಸೊಂಟದ ಎತ್ತರದಲ್ಲಿ ಇಟ್ಟರೆ ಮಣೆ ಹತ್ತುವ ಪ್ರಸಂಗವೇ ಬಾರದು.

ಕಣ್ಣು ಮತ್ತು ಔಷಧಿ

ವರ್ಷಕ್ಕೊಮ್ಮೆ ಕಣ್ಣು ಪರೀಕ್ಷಿಸಬೇಕು. ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ ಸರಳವಾದುದು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೂಲಕ ಇದನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. “ಈ ವಯಸ್ಸಿಗೆ ಕಣ್ಣು ಕಂಡು ಏನಾಗಬೇಕು” ಎಂದು ಹಿರಿಯರೇ ಹೇಳಿದರೂ ನೀವು ಒಪ್ಪಿಕೊಳ್ಳಬಾರದು. ದೂರಕ್ಕೂ ಓದಿಗೂ ಒಂದೇ ಕನ್ನಡಕ ಧರಿಸುವವರಿಗೆ ಮೆಟ್ಟಿಲಿಳಿಯುವಾಗ ಕೆಳಗಿನ ಗಾಜಿನಿಂದ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಅವರು ಗದ್ದವನ್ನು ತಗ್ಗಿಸಿ ನೋಡಿ, ಹಿಡಿದುಕೊಂಡು ಇಳಿಯಬೇಕು.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಿದ್ರೆ, ಮನಸ್ಸಿನ ಕಾಯಿಲೆ ಇವುಗಳಿಗೆ ಕೊಡುವ ಕೆಲವು ಮಾತ್ರೆಗಳಿಂದ ತಲೆತಿರುಗುವುದುಂಟು. ಹಿರಿಯರು ಸೇವಿಸುವ ಎಲ್ಲ ಔಷಧಿಗಳನ್ನೂ, ನಾಟಿ ಮದ್ದು ಸಹಿತವಾಗಿ, ಒಂದು ಚೀಲದಲ್ಲಿ ಹಾಕಿಕೊಂಡು ವರ್ಷಕ್ಕೊಮ್ಮೆಯಾದರೂ ವೈದ್ಯರಿಗೆ ತೋರಿಸಿರಿ. ಯಾವುದನ್ನು ಕಡಿಮೆ ಮಾಡಬಹುದೆಂದು ಅವರು ತಿಳಿಸುವರು. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಕೂಡದು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದರೆ ಬವಳಿ ಬಂದು ಬೀಳುವರು. ಉಪವಾಸದ ದಿನಗಳಲ್ಲಿ ಈ ಎಚ್ಚರಿಕೆ ಇರಲಿ. ಮದ್ಯಪಾನವೂ ಬೀಳುವುದಕ್ಕೆ ಕಾರಣವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಿದ್ರೆಯಿಂದ ಎಚ್ಚರಗೊಂಡವರು ಥಟ್ಟನೆ ಏಳಬಾರದು. ಮೊದಲು ಹಾಸಿಗೆಯಲ್ಲಿ ಕುಳಿತು ಒಂದೆರಡು ನಿಮಿಷ ಪಾದಗಳನ್ನು ಆಡಿಸಿ, ಬಳಿಕ ಏನನ್ನಾದರೂ ಹಿಡಿದು ಎದ್ದು, ಒಂದು ಕ್ಷಣ ನಿಂತು, ಅನಂತರ ಹೆಜ್ಜೆ ಇಡಬೇಕು.

ಕಾಲಿಗೆ ಬಲ, ಮೂಳೆಗೆ ಆಹಾರ

ಕೋಟದಲ್ಲಿ 1902ರಲ್ಲಿ ಹುಟ್ಟಿ 1997ರವರೆಗೆ ಬದುಕಿದ ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿಯೂ ಬರವಣಿಗೆ, ಯಕ್ಷಗಾನ, ತಿರುಗಾಟಗಳನ್ನು ಬಿಡಲಿಲ್ಲ. ಎಲ್ಲರಿಗೂ ಅದು ಸಾಧ್ಯವಾಗದಿದ್ದರೂ, ದೇಹವನ್ನು ಬಳಸುತ್ತಿರುವವರೆಗೆ ಅದು ಮಾತು ಕೇಳುತ್ತದೆ ಎಂಬ ಪಾಠ ಎಲ್ಲರಿಗೂ ಸಲ್ಲುತ್ತದೆ. 65 ವರ್ಷ ಮೀರಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನಕ್ಕೂ ಸ್ನಾಯುಬಲಕ್ಕೂ ಸಂಬಂಧಿಸಿದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಬರಿಯ ನಡಿಗೆ ಸಾಲದು. ಈ ಮೂರನ್ನು ಮನೆಯಲ್ಲಿಯೇ ಕಲಿಸಿರಿ.

1. ಕುರ್ಚಿಯಿಂದ ನಿಧಾನವಾಗಿ ಎದ್ದು, ನಿಧಾನವಾಗಿ ಕುಳಿತುಕೊಳ್ಳುವುದು. ಸಾಧ್ಯವಾದರೆ ಕೈ ಊರದೆ. 5 ಬಾರಿಯಿಂದ ಆರಂಭಿಸಿ 10 ಬಾರಿಗೆ ಏರಿಸಬಹುದು.
2. ಜಗಲಿಯ ಕಂಬವನ್ನು ಹಿಡಿದು ನಿಂತು, ಹಿಮ್ಮಡಿಗಳನ್ನು ಮೇಲಕ್ಕೆತ್ತಿ ಇಳಿಸುವುದು. 10 ಬಾರಿ.
3. ಕಂಬವನ್ನು ಹಿಡಿದೇ, ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ಹಿಮ್ಮಡಿ ಬೆರಳಿಗೆ ತಾಗುವಂತೆ ಇರಿಸಿ, 10 ಎಣಿಸುವವರೆಗೆ ನಿಲ್ಲುವುದು. ಬಳಿಕ ಪಾದ ಬದಲಿಸುವುದು.

ಮೊದಮೊದಲು ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಎದೆನೋವು, ತಲೆತಿರುಗು ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮೊಮ್ಮಕ್ಕಳು ಎಣಿಸುತ್ತ ನಿಂತರೆ ಅಜ್ಜ, ಅಜ್ಜಿಯರಿಗೆ ಇದು ಆಟದಂತೆ ಆಗುವುದು.

ಹಲ್ಲು ಬಿದ್ದ ಹಿರಿಯರು ಮೂರು ಹೊತ್ತೂ ಗಂಜಿ, ಉಪ್ಪಿನಕಾಯಿಯಲ್ಲಿಯೇ ತೃಪ್ತರಾಗುತ್ತಾರೆ. ಇದರಿಂದ ಹೊಟ್ಟೆ ತುಂಬುವುದಲ್ಲದೆ ಸ್ನಾಯು ಬೆಳೆಯುವುದಿಲ್ಲ. ಗಂಜಿಯ ಜೊತೆಗೆ ಬೇಯಿಸಿದ ಹೆಸರುಕಾಳು, ಹುರುಳಿ ಸಾರು, ಹಾಲು, ಮೊಸರು, ರಾಗಿ ಅಂಬಲಿ, ಎಳ್ಳು, ಹರಿವೆ ಸೊಪ್ಪು ಇರಲಿ. ಮೀನು ತಿನ್ನುವವರಿಗೆ ಬೂತಾಯಿಯಂತಹ ಸಣ್ಣ ಮೀನು, ಮೊಟ್ಟೆ ಉತ್ತಮ. ಮಳೆ ಬಿಟ್ಟಾಗ ಎಳೆ ಬಿಸಿಲಿಗೆ ಮೈಯೊಡ್ಡಿ ಕುಳಿತುಕೊಳ್ಳುವುದೂ ಮೂಳೆಗೆ ಹಿತ.

ಬಿದ್ದಾಗ ಏನು ಮಾಡಬೇಕು?

ಬಿದ್ದವರನ್ನು ಗಾಬರಿಯಿಂದ ಕಂಕುಳಿಗೆ ಕೈಹಾಕಿ ಎತ್ತಬೇಡಿರಿ. ಮೊದಲು ಪಕ್ಕದಲ್ಲಿ ಕುಳಿತು ಮಾತನಾಡಿಸಿರಿ. ಎಲ್ಲಿ ನೋವಿದೆ, ಕೈಕಾಲು ಆಡಿಸಲು ಆಗುವುದೇ ಎಂದು ಕೇಳಿರಿ.

ಸೊಂಟದಲ್ಲಿ ಅಥವಾ ತೊಡೆಸಂದಿನಲ್ಲಿ ತೀವ್ರ ನೋವಿದ್ದು, ಒಂದು ಕಾಲು ಗಿಡ್ಡವಾಗಿ, ಪಾದವು ಹೊರಕ್ಕೆ ತಿರುಗಿದಂತೆ ಕಂಡಲ್ಲಿ ಮೂಳೆ ಮುರಿದಿದೆಯೆಂದು ಭಾವಿಸಬೇಕು. ನಿಲ್ಲಿಸಲು, ನಡೆಸಲು ಪ್ರಯತ್ನಿಸಕೂಡದು. ಎಣ್ಣೆ ಹಾಕಿ ನೀವುವುದು, ಕಾಲನ್ನು ಎಳೆದು ಕಟ್ಟುವುದು ಅಪಾಯಕರ. ಒದ್ದೆ ಬಟ್ಟೆಯಿದ್ದರೆ ಕಂಬಳಿ ಹೊದಿಸಿ ಬೆಚ್ಚಗಿಡಿರಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ತಿನ್ನಲು, ಕುಡಿಯಲು ಕೊಡಬೇಡಿರಿ. ಕೂಡಲೇ 108ಕ್ಕೆ ದೂರವಾಣಿ ಮಾಡಿರಿ. 2008ರಿಂದ ನಮ್ಮ ರಾಜ್ಯದಲ್ಲಿರುವ ಈ ಆರೋಗ್ಯ ಕವಚ ವಾಹನ ಉಚಿತವಾಗಿದೆ. ಸೊಂಟದ ಮೂಳೆ ಮುರಿದವರಿಗೆ ಒಂದೆರಡು ದಿನಗಳಲ್ಲಿಯೇ ಶಸ್ತ್ರಚಿಕಿತ್ಸೆಯಾಗಿ ಬೇಗ ನಡೆದಾಡುವಂತಾದರೆ ಮತ್ತೆ ಎದ್ದು ಓಡಾಡುವ ಆಸೆ ಹೆಚ್ಚು. “ವಯಸ್ಸಾದವರಿಗೆ ಆಪರೇಷನ್ ಬೇಡ” ಎಂದು ಮನೆಯಲ್ಲಿಯೇ ಮಲಗಿಸುವುದು ಸರಿಯಲ್ಲ. ವೈದ್ಯರ ಅಭಿಪ್ರಾಯ ಪಡೆದೇ ನಿರ್ಧರಿಸಬೇಕು.

ತಲೆಗೆ ಪೆಟ್ಟಾದವರನ್ನು, ಅದರಲ್ಲಿಯೂ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರನ್ನು, ಹೊರಗೆ ಗಾಯ ಕಾಣದಿದ್ದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ವಾಂತಿ, ಮಂಪರು, ಮಾತು ತೊದಲುವಿಕೆ, ಗೊಂದಲ, ಹೆಚ್ಚುತ್ತಿರುವ ತಲೆನೋವು ಇವು ಅಪಾಯದ ಲಕ್ಷಣಗಳು. ಕೆಲವೊಮ್ಮೆ ಬಿದ್ದು ಎರಡು, ಮೂರು ವಾರಗಳಾದ ಮೇಲೂ ಇವು ಕಾಣಿಸಿಕೊಳ್ಳಬಹುದು.

ಪೆಟ್ಟಾಗದಿದ್ದಲ್ಲಿ ಹಿರಿಯರು ತಾವೇ ಏಳುವ ಬಗೆಯನ್ನು ಮುಂಚಿತವಾಗಿ ಕಲಿಸಿರಿ. ಮೊದಲು ಒಂದು ಮಗ್ಗುಲಿಗೆ ಹೊರಳಬೇಕು. ಬಳಿಕ ಕೈ ಮತ್ತು ಮೊಣಕಾಲುಗಳನ್ನು ಊರಿ ಅಂಬೆಗಾಲಿನಲ್ಲಿ ಗಟ್ಟಿ ಕುರ್ಚಿಯ ಬಳಿಗೆ ಬರಬೇಕು. ಎರಡು ಕೈಗಳನ್ನೂ ಅದರ ಮೇಲಿರಿಸಿ, ಬಲವಾದ ಕಾಲಿನ ಪಾದವನ್ನು ನೆಲಕ್ಕೆ ಊರಿ, ಮೇಲೆದ್ದು, ತಿರುಗಿ ಕುಳಿತುಕೊಳ್ಳಬೇಕು. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಆದುದರಿಂದ ಗಾಯವಾಗದಿದ್ದರೂ ಏಕೆ ಬಿದ್ದರೆಂದು ವಿಚಾರಿಸಿ ಆ ಕಾರಣವನ್ನು ಅಂದೇ ತೊಲಗಿಸಿರಿ.

ಊರಿನಲ್ಲಿ ಒಬ್ಬರೇ ಇರುವ ಹಿರಿಯರು

ಹೋಟೆಲು, ಉದ್ಯೋಗಗಳ ನಿಮಿತ್ತ ಬೆಂಗಳೂರು, ಮುಂಬಯಿಗಳಲ್ಲಿ ನೆಲಸಿದ ಮಕ್ಕಳ ತಂದೆ ತಾಯಿಯರು ಈ ತಾಲೂಕುಗಳ ಅನೇಕ ಮನೆಗಳಲ್ಲಿ ಒಬ್ಬಂಟಿಯಾಗಿ ಇದ್ದಾರೆ. ಬಿದ್ದು ಗಂಟೆಗಟ್ಟಲೆ ನೆಲದಲ್ಲಿಯೇ ಇರಬೇಕಾಗುವುದು ಇವರಿಗಿರುವ ದೊಡ್ಡ ಅಪಾಯ. ಇಂತಹವರು ಮೊಬೈಲನ್ನು ಮೇಜಿನ ಮೇಲಿಡದೆ, ಕುತ್ತಿಗೆಗೆ ಹಾಕುವ ಚಿಕ್ಕ ಚೀಲದಲ್ಲಿ, ಬಚ್ಚಲಿಗೆ ಹೋಗುವಾಗಲೂ ಜೊತೆಗಿರಿಸಿಕೊಳ್ಳಲಿ. ಬೆಳಿಗ್ಗೆ, ಸಂಜೆ ನಿಶ್ಚಿತ ಹೊತ್ತಿಗೆ ಮಕ್ಕಳು ಕರೆ ಮಾಡಲಿ. ಒಂದು ಬೀಗದ ಕೈ ನಂಬಿಕೆಯ ನೆರೆಯವರಲ್ಲಿ ಇರಲಿ. ನಿಮ್ಮ ನೆರೆಯಲ್ಲಿ ಇಂತಹ ಹಿರಿಯರಿದ್ದರೆ, ಮುಂಜಾನೆ ಅವರ ಬಾಗಿಲು ತೆರೆದಿದೆಯೇ ಎಂದು ಒಮ್ಮೆ ನೋಡುವುದು ನಿಮ್ಮ ಧರ್ಮ.

ಸಹಾಯ ಎಲ್ಲಿ ದೊರೆಯುತ್ತದೆ?

ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೋ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯನ್ನೋ ಮೊದಲು ಕಾಣಿರಿ. ರಕ್ತದೊತ್ತಡ, ಸಕ್ಕರೆ, ರಕ್ತಹೀನತೆಗಳ ಪರೀಕ್ಷೆ ಅಲ್ಲಿ ಆಗುತ್ತದೆ. ಹೆಚ್ಚಿನ ಚಿಕಿತ್ಸೆಗೆ ಕುಂದಾಪುರದ ತಾಲೂಕು ಆಸ್ಪತ್ರೆ, ಬೈಂದೂರು ಮತ್ತು ಬ್ರಹ್ಮಾವರದ ಸಮುದಾಯ ಆರೋಗ್ಯ ಕೇಂದ್ರಗಳು, ಉಡುಪಿಯ ಜಿಲ್ಲಾ ಆಸ್ಪತ್ರೆ ಇವೆ. ಬಡತನ ರೇಖೆಗಿಂತ ಕೆಳಗಿನ ಹಿರಿಯ ನಾಗರಿಕರಿಗೆ ಊರುಗೋಲು, ಕನ್ನಡಕ ಮುಂತಾದವನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಆರಂಭವಾಯಿತು. ಹಿರಿಯರ ಯಾವುದೇ ತೊಂದರೆಗೆ 14567 ಸಹಾಯವಾಣಿಗೆ ಕರೆ ಮಾಡಬಹುದು. ಊರುಗೋಲು ಹಿಡಿಯುವುದನ್ನು ಹಿರಿಯರು ಅವಮಾನವೆಂದು ಭಾವಿಸದಂತೆ ನೀವೇ ಮೊದಲು ಅದನ್ನು ಗೌರವದಿಂದ ಕಾಣಬೇಕು. ಕೋಲಿನ ತುದಿಗೆ ರಬ್ಬರಿನ ಬಿಲ್ಲೆ ಇರಲಿ; ಸವೆದೊಡನೆ ಬದಲಿಸಿರಿ.

ನೆನಪಿಡಿರಿ

ಮೊದಲು ಕಲ್ಪಿಸಿಕೊಂಡ ಮನೆಗೆ ಮರಳಿ ಬರೋಣ. ಆ ಬೆಳಿಗ್ಗೆ ಅತ್ತೆ ಜಾರಿದ ಕೂಡಲೇ ಮಗನು ಮೆಟ್ಟಿಲಿನ ಪಾಚಿಯನ್ನು ಉಜ್ಜಿ, ಪಕ್ಕಕ್ಕೊಂದು ದಬ್ಬೆ ಕಟ್ಟಿದ್ದರೆ. ಸೊಸೆಯು ಹೊಸ್ತಿಲಿಗೆ ಬಿಳಿಗೆರೆ ಎಳೆದು, ರಾತ್ರಿಗೊಂದು ದೀಪ ಇರಿಸಿದ್ದರೆ. ಮರುದಿನ ಅತ್ತೆಯ ಕಣ್ಣನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಿದ್ದರೆ, ಅವರು ಇಂದಿಗೂ ಹೂಬುಟ್ಟಿ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ಹೆಚ್ಚು ಹಣವೇನೂ ಬೇಕಾಗಿರಲಿಲ್ಲ. ಗಂಡ, ಹೆಂಡತಿ ಇಬ್ಬರೂ ಕೂಡಿ ಒಂದು ದಿನ ದುಡಿದಿದ್ದರೆ ಸಾಕಾಗುತ್ತಿತ್ತು. ಆ ಒಂದು ದಿನವನ್ನು ಈ ವಾರದಲ್ಲಿಯೇ ನೀವು ಮೀಸಲಿಡಿರಿ.

ದಂಪತಿಗಳು ಕೂಡಿ ಚರ್ಚಿಸತಕ್ಕ ಪ್ರಶ್ನೆಗಳು

1. ನಮ್ಮ ಮನೆಯ ಹಿರಿಯರು ಕಳೆದ ವರ್ಷ ಎಷ್ಟು ಬಾರಿ ಬಿದ್ದರು? ಎಲ್ಲಿ? ಏಕೆ?
2. ಅವರ ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ಜಾರುವ, ಎಡವುವ ಸ್ಥಳಗಳು ಎಷ್ಟಿವೆ?
3. ಅವರು ಸೇವಿಸುವ ಮಾತ್ರೆಗಳು ಯಾವುವು? ವೈದ್ಯರು ಅವನ್ನು ಕೊನೆಯದಾಗಿ ನೋಡಿದುದು ಯಾವಾಗ?
4. ಬಿದ್ದಾರೆಂಬ ಭಯದಿಂದ ಅವರ ಯಾವ ಕೆಲಸವನ್ನು ನಾವು ನಿಲ್ಲಿಸಿದ್ದೇವೆ? ದಾರಿ ಸರಿಪಡಿಸಿ ಅದನ್ನು ಮತ್ತೆ ಆರಂಭಿಸಲು ಸಾಧ್ಯವೇ?